ಮೂರನೇ ಕಿಡಕಿ

ಸವಣೂರ ದಾಟಿ ಟಂಟಂ ಇಳದಾಗ ಹತ್ತು ಹೊಡದಿತ್ತು.
ಗುಬ್ಬಿಕೆರಿ ಈ ಸಲ ಕೋಡಿ ಹರದು
ನಡುಗಡ್ಡಿ ಮತ್ತ ನಡುಗಡ್ಡಿ ಆಗೇತಿ.
ಹ್ವಾದ ವರ್ಷ ಎಮ್ಮಿ ನಡಕೊಂತ ಹೋಗಿ
ಕ್ವಾಟಿ ಬಾಗಲದಾಗ ಮೆಲುಕು ಹಾಕ್ತಿದ್ವಂತ.

ನಾಕು ನೀಲಿ ಡ್ರಮ್ಮು, ಮ್ಯಾಲ ಸೆಂಟ್ರಿಂಗ್ ಹಲಗಿ,
ಹಗ್ಗದ ಗಂಟು. ಅದ ಹಡಗ.
ಹಲಗಿ ಮ್ಯಾಗಿನ ಸಿಮೆಂಟ್ ಹಕ್ಕಳಿ ನೋಡಿ
ನನಗ ಧೈರ್ಯ ಬಂತು, ನಮ್ಮ ಕಸಬಿನ ಹಲಗಿ ಅದು.
ಕಸ್ತೂರಿಗೆ ಬರಲಿಲ್ಲ.
‘ಮೊಣಕಾಲು’ ಅಂದ್ಲು. ನೀರಿನ ಅಂಜಿಕಿ ಅನ್ನಲಿಲ್ಲ.
ಖಾರದ ಪೊಟ್ಟಣ ಉಡ್ಯಾಗ ಇಟಗೊಂಡು
ಜಾಲಿ ನೆರಳಿಗೆ ಕುಂತ್ಲು,
ಕೆಂಪು ಸೀರಿ, ಒಬ್ಬಾಕಿ.

ಗಳ ಒತ್ತಾಕಿ ತಿರಕವ್ವ ಅಂಬಿಗೇರ.
ಒಬ್ಬರಿಗೆ ಮೂವತ್ತು, ಕಥಿ ಪುಗಸಟ್ಟೆ.
‘ದೊರಿ ಸಣ್ಣ ಹೇಂತಿಗೆ ಕಟ್ಟಿಸಿದ್ದರಿ ಇದು.
ಆಕಿಗೆ ನೀರಂದ್ರ ಜೀವ ನಡಗತಿತ್ತು.
ನೀರ ಕಾಣಬಾರದಂತ ತಾನ ನಿಂತು
ಕಿಡಕಿ ಮುಚ್ಚಿಸಿದ್ಲಂತ.’
ಯಾವ ದೊರಿ ಅಂದೆ.
‘ದೊರಿ ಅಂದ್ರ ದೊರಿ’ ಅಂದ್ಲು,
ಗಳ ಕೆಸರಿಂದ ಕಿತ್ತು.

ಒಳಗ ಬಾವಲಿ ನಾತ.
ಮಂದಿ ಮ್ಯಾಲ ನೋಡ್ತಾರ, ಕಮಾನು, ಹೂವು,
ಉಳದ ಬಣ್ಣದ ಚೂರು.
ನಾ ಗೌಂಡಿ, ಮೂವತ್ತೊಂದು ವರ್ಷ;
ನನ್ನ ಕಣ್ಣು ಸಂದಿಗೆ ಹೋಗ್ತಾವ.
ಸುಣ್ಣಕ್ಕ ಬೆಲ್ಲ ಹಾಕಿ ಅರದಾರ,
ಉಗುರಿಗೆ ಇನ್ನೂ ಜಗ್ಗೂದಿಲ್ಲ.
ಎರಡು ಕಿಡಕಿ ದನಕಾಯೋ ಹುಡುಗರು ಒಡದಾರ.
ಮೂರನೇದು ಮುಚ್ಚಿದ್ದು ಮುಚ್ಚಿದಂಗ ಐತಿ.

ಕೈ ಆಡಿಸಿದೆ.
ಸಾಲಿನ ಸಂದ್ಯಾಗಿಂದ ಗಚ್ಚು
ನಾಲಿಗಿ ಹಂಗ ಹೊರಗ ಚಾಚಿ ಅಲ್ಲೇ ಒಣಗೇತಿ.
ಯಾರೂ ಕರಣಿ ಎಳದಿಲ್ಲ. ಯಾರೂ ಒರಸಿಲ್ಲ.
ಕಲಿಯೋ ಹುಡುಗ ಹಿಂಗ ಬಿಟ್ರ
ನಮ್ಮ ಮೇಸ್ತ್ರಿ ದುರ್ಗೋಜಿ ಕಿವಿ ಹಿಂಡ್ತಿದ್ದ.
ದೊರಿ ಹೇಂತಿ ದಿನಾ ನೋಡೋ ಗ್ವಾಡಿ,
ಹಿಂಗ ಬಿಡ್ತಾರೇನು?

ಬಾಯಿ ಎತ್ತರಕ್ಕ ಒಂದು ಇಟ್ಟಂಗಿ ಅಲಗಾಡಿತು.
ಎಳದೆ. ಬಂತು.
ನಾಕೂ ಮಗ್ಗಲ ಸ್ವಚ್ಛ, ಸುಣ್ಣದ ಸೋಂಕಿಲ್ಲ.
ಗಚ್ಚು ಸಾಲದಾತೋ,
ಹೊತ್ತು ಮುಣಗಿತೋ,
ಕಾವಲಿನಂವ ಆ ಕಡೆ ಹೊಳ್ಳಿದ್ದನೋ.
ಅಂಗೈಯಷ್ಟು ಬೆಳಕು ಬಂದು
ನನ್ನ ಅಂಗಿ ಮ್ಯಾಲ ಬಿತ್ತು.
ಅದರಾಗಿಂದ ಕೆರಿ ಕಂಡಿತು, ದಂಡಿ ಕಂಡಿತು,
ದಂಡಿ ಮ್ಯಾಲ ಬೆಂಕಿಕಡ್ಡಿ ತಲಿಯಷ್ಟು
ಕೆಂಪು ಸೀರಿ.
ಕೂಗಿದೆ.
ಕೇಳಸಲಿಲ್ಲ ಆಕಿಗೆ.
ಇಟ್ಟಂಗಿ ಇದ್ದಲ್ಲೇ ಇಟ್ಟೆ, ಸಡ್ಲಾಗೇ.

ಹೊಳ್ಳಿ ಹೋಗೂವಾಗ
ಗ್ವಾಡಿಗುಂಟ ಹಾಯಿಸಬೇ ಅಂದೆ ತಿರಕವ್ವಗ.
‘ಹತ್ತು ರೂಪಾಯಿ ಹೆಚ್ಗಿ ಆಕ್ಕೈತಿ.’ ಕೊಟ್ಟೆ.

ನೀರಿಂದ ನೇರ ಎದ್ದ ಗ್ವಾಡಿ.
ಮೂರನೇ ಕಿಡಕಿ ಎಲ್ಲೈತಿ ಅಂತ ಹುಡುಕಬೇಕಾತು.
ಅಂಥಾ ಸಾಲು. ಅಂಥಾ ಸಂದಿ.
ಕರಣಿ ಒಂದ ಉಸರಿನ್ಯಾಗ ಎಳದಾನ,
ಹಾವಸಿಗೆ ಸೈತ ಕಾಲೂರಾಕ ಜಾಗ ಸಿಕ್ಕಿಲ್ಲ.
ಸಡ್ಲ ಇಟ್ಟಂಗಿ ಯಾವುದು, ನನಗೂ ಗುರ್ತು ಹತ್ತಲಿಲ್ಲ.

ಡ್ರಮ್ಮು ಸಣ್ಣಗ ಗ್ವಾಡಿಗೆ ಬಡೀತು.
ಇಂಥಾದ್ದ ಏನೋ ಒಂದರ ಮ್ಯಾಲ,
ಅಲಗೋ ನೀರಿನ ಮ್ಯಾಲ ನಿಂತು
ಇಷ್ಟು ನೆಟ್ಟಗ ಏರಿಸ್ಯಾನ,
ಸಾಲಿಗೊಂದು ಸಾಲು,
ಒಳಗಿದ್ದಾಕಿ ಮಾರಿ
ಗಲ್ಲದಿಂದ ಮ್ಯಾಲ ಮುಚಕೊಂತ ಹೋಗೂದ ನೋಡಿ.
ನಡುವ ಗಚ್ಚು ಕಲಸಾಕ ನಿಂತಿರಬೇಕು.
ಎಲಿ ಅಡಕಿ ಹಾಕ್ಕೊಂಡಿರಬೇಕು.

‘ನೀರಂದ್ರ ಆಕಿಗೆ...’ ಅಂತ ತಿರಕವ್ವ
ಕಥಿ ಮತ್ತ ಮೊದಲಿಂದ ಹಿಡದ್ಲು.
ನಾ ಹೂಂ ಅಂದೆ.

ದಂಡ್ಯಾಗ ಕಸ್ತೂರಿ ಖಾರ ಮುಂದ ಹಿಡದ್ಲು.
ಅರ್ಧ ಪೊಟ್ಟಣ ಖಾಲಿ.
‘ಏನಿತ್ತು ಒಳಗ?’
ಕೈಯಾಗಿನ ಸುಣ್ಣ ಪ್ಯಾಂಟಿಗೆ ಒರಸಿದೆ.
‘ಕೆಲಸ ಚಲೋ ಮಾಡ್ಯಾನ’ ಅಂದೆ.

ಮೂವತ್ತೊಂದು ವರ್ಷ.
ಅಂಥಾ ನಯ
ನನ್ನ ಕೈಗೆ ಇನ್ನೂ ಬಂದಿಲ್ಲ.